ಬೆಟ್ಟಕ್ಕೆ ಹೋದ ಯಂತ್ರ

ಅರವತ್ತನಾಲ್ಕರ ಬೇಸಿಗೆಯಲ್ಲಿ ಶಿರಾದ ಕೋಟೆ ಹಿಂದಿನ ಓಣಿಗೆ ಒಂದು ಜೀಪು ಬಂತು. ಓಣಿ ಇಕ್ಕಟ್ಟಾದ್ದರಿಂದ ಒಳಗೆ ನುಗ್ಗಲಾಗದೆ ಮಸೀದಿಯ ಹತ್ತಿರವೇ ನಿಂತಿತು. ಅದರಿಂದ ಇಳಿದ ಪ್ಯಾಂಟಿನ ಮನುಷ್ಯ ಕಲಾಯಿ ನಬೀ ಸಾಬರ ಮನೆ ಯಾವುದೆಂದು ಕೇಳಿಕೊಂಡು ಬಂದ. ನಬೀ ಸಾಬ್ ತೀರಿಕೊಂಡು ಆಗಲೇ ಹದಿನೇಳು ವರ್ಷವಾಗಿತ್ತು. ಅವನ ಹೆಂಡತಿ ಶಾಹಜಾದಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಸತ್ತವನ ಹೆಸರು ಹಿಡಿದು ಹುಡುಕಿಕೊಂಡು ಬಂದವನು ಸರ್ಕಾರದ ಕಡೆಯವನೇ ಇರಬೇಕೆಂದುಕೊಂಡು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳೇ ಹೊರತು ಮೇಲೇಳಲಿಲ್ಲ.

ಬಂದವನ ಹೆಸರು ಪರ್ವತಯ್ಯ. ಕೊರಟಗೆರೆ ಕಡೆಯವನು, ಬೊಂಬಾಯಿಗೆ ಹೋಗಿ ಕ್ಯಾಮೆರಾ ಕೆಲಸ ಕಲಿತು ಬಂದಿದ್ದ. ತಾನು ಹಾಡು ಕುಣಿತದ ಸಿನಿಮಾ ತೆಗೆಯುವವನಲ್ಲ, ನಡೆದದ್ದನ್ನು ನಡೆದ ಹಾಗೆ ತೋರಿಸುವ ಸಾಕ್ಷ್ಯಚಿತ್ರ ತೆಗೆಯುವವನು ಎಂದು ಹೊಸಿಲಾಚೆ ನಿಂತೇ ಹೇಳಿದ. ಹಿಂದೆ ದಿವಾನರ ಸರ್ಕಾರ ಇದ್ದಾಗ ಈ ಸೀಮೆಯಲ್ಲಿ ಕದ್ದುಮುಚ್ಚಿ ಅಚ್ಚಾಗುತ್ತಿದ್ದ ‘ಮುಂಗೋಳಿ’ ಪತ್ರಿಕೆಯ ಮೇಲೆ ಚಿತ್ರ ತೆಗೆಯುತ್ತಿದ್ದೇವೆ, ನಿಮ್ಮ ಯಜಮಾನರು ಅದರಲ್ಲಿದ್ದರಂತೆ ಎಂದ.

ಮುಂಗೋಳಿ ಎಂಬ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಶಾಹಜಾದಿಗೆ ಎಷ್ಟೋ ಕಾಲವಾಗಿತ್ತು. ಅವಳು ಮೊರವನ್ನು ಪಕ್ಕಕ್ಕೆ ಸರಿಸಿ, ಚಾಪೆ ಹಾಸಿ, ಒಳಗೆ ಬಂದು ಕೂರಲು ಹೇಳಿದಳು.

ಅವನಿಗೆ ಅವಳು ಹೇಳಿದ್ದು ಇದು. ನಲವತ್ತೇಳರಲ್ಲಿ ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ಮೈಸೂರು ಸೀಮೆಗೆ ಬಂದಿರಲಿಲ್ಲ. ಪೇಟೆ ಪೇಟೆಯಲ್ಲೂ ಮೆರವಣಿಗೆ, ಲಾಠಿ, ದಸ್ತಗಿರಿ. ಪತ್ರಿಕೆಗಳು ಅಚ್ಚಿಗೆ ಹೋಗುವ ಮೊದಲು ಅಧಿಕಾರಿಗಳು ಓದಿ ಬೇಡವಾದದ್ದನ್ನು ಕತ್ತರಿಸುತ್ತಿದ್ದರು. ಆ ಜಾಗ ಬಿಳಿಯಾಗಿಯೇ ಉಳಿದು ಪತ್ರಿಕೆ ಮನೆಗೆ ಬರುತ್ತಿತ್ತು. ಆಗ ಮಧುಗಿರಿಯ ಸ್ಕೂಲು ಮಾಸ್ತರು ನಂದೀಶ್ವರಯ್ಯನವರು ಕೆಲಸ ಬಿಟ್ಟು ತಲೆಮರೆಸಿಕೊಂಡರು. ಹಿಂದೂಪುರ ಬ್ರಿಟಿಷರ ಕಡೆಗಿದ್ದ ಊರು, ಮೈಸೂರು ಪೊಲೀಸರ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅಲ್ಲಿಗೆ ಬರುವ ಸುದ್ದಿಯನ್ನು ತಂದು, ಮೇಣದ ಹಾಳೆಯ ಮೇಲೆ ಉಕ್ಕಿನ ಕಡ್ಡಿಯಲ್ಲಿ ಬರೆದು, ಸೈಕ್ಲೋಸ್ಟೈಲ್ ಯಂತ್ರಕ್ಕೆ ಕೊಟ್ಟು ಪ್ರತಿ ತೆಗೆದು ಹಂಚುವುದು ಅವರ ಕೆಲಸ. ಆ ಯಂತ್ರ ಇದ್ದದ್ದು ಈ ಮನೆಯ ಒಳಕೋಣೆಯಲ್ಲಿ, ಪರದೆಯ ಹಿಂದೆ. ಹೆಂಗಸರಿರುವ ಕಡೆಗೆ ಯಾರೂ ಬರುವುದಿಲ್ಲವೆಂದು ನಬೀ ಸಾಬನೇ ಆ ಜಾಗ ತೋರಿಸಿದ್ದ. ಯಂತ್ರವನ್ನು ಇದ್ದಿಲ ಮೂಟೆಗಳ ನಡುವೆ ಗಾಡಿಯಲ್ಲಿ ತಂದವನೂ ಅವನೇ.

ಕೆಲಸವೆಲ್ಲ ಹಾಡುಹಗಲಲ್ಲೇ ನಡೆಯುತ್ತಿತ್ತು. ನಬೀ ಸಾಬ್ ಅಂಗಳದಲ್ಲಿ ಕೂತು ತಿದಿ ಒತ್ತುತ್ತ, ನೆಗ್ಗಿದ ಪಾತ್ರೆಗಳನ್ನು ಸುತ್ತಿಗೆಯಿಂದ ಬಡಿಯುವನು. ಆ ಸದ್ದಿನ ಮರೆಯಲ್ಲಿ ಒಳಗೆ ಶಾಹಜಾದಿ ಯಂತ್ರದ ಹಿಡಿ ತಿರುಗಿಸುವಳು. ಕಾಗದದ ಮೇಲಿನ ಕನ್ನಡ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲ. ಮಸಿ ಸಮನಾಗಿ ಹತ್ತಿದೆಯೋ ಇಲ್ಲವೋ ಎಂಬುದಷ್ಟೇ ಗೊತ್ತಾಗುತ್ತಿತ್ತು. ಪ್ರತಿ ಒಣಗಿದ ಮೇಲೆ ನಬೀ ಸಾಬ್ ಅವನ್ನು ಕಲಾಯಿ ಹಾಕಿದ ಪಾತ್ರೆಗಳೊಳಗೆ ಸುರುಳಿ ಮಾಡಿ ತುರುಕಿ, ಮಿಡಿಗೇಶಿ, ಕೊರಟಗೆರೆ, ನಿಡುಗಲ್ಲಿನವರೆಗೂ ಊರೂರು ಸುತ್ತುತ್ತಿದ್ದ. ಪಾತ್ರೆಗೆ ಕಲಾಯಿ, ಮನೆಗೆ ಪತ್ರಿಕೆ.

ಒಂದು ಮಧ್ಯಾಹ್ನ ಪೊಲೀಸರು ಬಂದರು. ಅಂಗಳ ದಾಟಿ, ಯಾರನ್ನೂ ಏನೂ ಕೇಳದೆ, ನೆಟ್ಟಗೆ ಪರದೆ ಎಳೆದರು. ಯಂತ್ರವನ್ನು ಗಾಡಿಗೆ ಹೇರಿದರು. ನಬೀ ಸಾಬನ ಕೈಗೆ ಹಗ್ಗ ಹಾಕಿ ದೂರದ ಯಾವುದೋ ಹೊರಠಾಣೆಗೆ ಕರೆದುಕೊಂಡು ಹೋದರು. ಎರಡು ಮೂರು ದಿನ ಕಳೆದು ಅವನ ಹೆಣ ಬಂತು. ವಾಂತಿಭೇದಿ ಎಂದರು. ಮೈಗೆ ನೀರು ಹಾಕಿದ ಗಂಡಸರು ಹೊರಗೆ ಬಂದು ಅವಳ ಮುಖ ನೋಡಲಿಲ್ಲ.

ಮಾಸ್ತರನ್ನೂ ಪೊಲೀಸರು ಹಿಡಿದಿದ್ದರು. ಆದರೆ ಅಷ್ಟರಲ್ಲಿ ಅರಮನೆಯವರು ಜನರ ಸರ್ಕಾರಕ್ಕೆ ಒಪ್ಪಿದರು, ಜೈಲಿನ ಬಾಗಿಲು ತೆರೆಯಿತು, ಮಾಸ್ತರು ಕೊರಳ ತುಂಬ ಹಾರ ಹಾಕಿಸಿಕೊಂಡು ಹೊರಗೆ ಬಂದರು. ಒಂದು ಸಲ ಈ ಮನೆಗೂ ಬಂದು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ಶಾಹಜಾದಿಯೇ ಅವರಿಗೆ ನೀರು ಕೊಟ್ಟು ಸಮಾಧಾನ ಹೇಳಿದಳು. ಆಮೇಲೆ ಅವರು ದೊಡ್ಡವರಾದರು, ಈ ಕಡೆ ಬರಲಿಲ್ಲ.

ಪರ್ವತಯ್ಯ ಎಲ್ಲವನ್ನೂ ಕೇಳಿಸಿಕೊಂಡ. ಕಣ್ಣಲ್ಲಿ ನೀರು ಕೂಡ ತಂದುಕೊಂಡ. ಎದ್ದು ಹೋಗಿ ಒಳಕೋಣೆ ನೋಡಿ ಬಂದು, ಇಲ್ಲಿ ಬೆಳಕು ಸಾಲದು, ಬೇರೆ ಏನಾದರೂ ಮಾಡುತ್ತೇವೆ, ನೀವು ಮಾತ್ರ ಕರೆದಾಗ ಬರಬೇಕು ಎಂದು ಹೇಳಿ ಹೋದ.

ಕರೆ ಬಂದದ್ದು ಮಿಡಿಗೇಶಿಗೆ. ಅವಳ ತಮ್ಮ ಕಲಂದರ್ ಶಿರಾದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವನು, ಒಂದು ದಿನ ಬಾಗಿಲು ಹಾಕಿ ಅಕ್ಕನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಮಗಳ ಮದುವೆಗೆ ತೆಗೆದಿದ್ದ ಹಸಿರು ಸೀರೆಯನ್ನು ಶಾಹಜಾದಿ ಅವತ್ತು ಉಟ್ಟಿದ್ದಳು. ಮನೆಯೊಳಗಿನ ಸಂಗತಿಗೆ ಬೆಟ್ಟದ ಬುಡದಲ್ಲಿ ಏನು ಕೆಲಸವೆಂದು ದಾರಿಯುದ್ದಕ್ಕೂ ಅವಳಿಗೆ ಅರ್ಥವಾಗಲಿಲ್ಲ.

ಹೋಗಿ ನೋಡಿದರೆ ಆ ಊರಿನ ಕೋಟೆಬೆಟ್ಟದ ಅರ್ಧ ಎತ್ತರದಲ್ಲಿ, ಎರಡು ಬಂಡೆ ಒಂದಕ್ಕೊಂದು ಒರಗಿ ಗವಿಯಂತಾದ ಕಡೆ, ಒಂದು ಸೈಕ್ಲೋಸ್ಟೈಲ್ ಯಂತ್ರವನ್ನು ಇಟ್ಟಿದ್ದರು. ನಾಟಕದ ಕಂಪನಿಯ ಹುಡುಗನೊಬ್ಬ ಮಾಸ್ತರ ಹಾಗೆ ಕ್ರಾಪು ಬಾಚಿಕೊಂಡು, ಪಂಚೆ ಎತ್ತಿ ಕಟ್ಟಿ ಅದರ ಹಿಡಿ ತಿರುಗಿಸುತ್ತಿದ್ದ. ನಂದೀಶ್ವರಯ್ಯನವರು ಕೆಳಗೆ ಹುಣಸೆ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಚಿತ್ರಕ್ಕೆ ಹಣ ಹಾಕಿದ್ದ ಸ್ಮಾರಕ ಸಮಿತಿಗೆ ಅವರೇ ಅಧ್ಯಕ್ಷರು. ಶಾಹಜಾದಿಯನ್ನು ಕಂಡು ಕೈಮುಗಿದು, ಆರೋಗ್ಯ ಹೇಗಿದೆ, ಮಗಳು ಹಮೀದಾಳನ್ನು ಮಧುಗಿರಿಗೆ ಕೊಟ್ಟಿದ್ದೀಯಂತೆ ಎಂದೆಲ್ಲ ವಿಚಾರಿಸಿದರು. ಯಂತ್ರದ ಮಾತು ಮಾತ್ರ ಎತ್ತಲಿಲ್ಲ.

ಪರ್ವತಯ್ಯನನ್ನು ಕೇಳಿದ್ದಕ್ಕೆ ಅವನು, ಯಂತ್ರ ಮೊದಲು ಸ್ವಲ್ಪ ದಿನ ನಿಮ್ಮಲ್ಲಿತ್ತಂತಲ್ಲ, ಆಮೇಲೆ ಇಲ್ಲಿಗೆ ಸಾಗಿಸಿದರಂತೆ, ಕೊನೆಯವರೆಗೂ ಪೊಲೀಸರಿಗೆ ಸಿಗಲೇ ಇಲ್ಲವಂತೆ, ಅಧ್ಯಕ್ಷರು ಹಾಗೆ ಹೇಳಿದ್ದಾರೆ ಎಂದ. ಅವಳು ಮಾಡಬೇಕಾದದ್ದು ಇಷ್ಟೇ. ಊರಿನ ನಾಗಕ್ಕ, ಕರಿಯಕ್ಕ ಎಂಬ ಕುರಿ ಮೇಯಿಸುವ ಹೆಂಗಸರ ಜೊತೆ ತಲೆಯ ಮೇಲೆ ಬುತ್ತಿ ಇಟ್ಟುಕೊಂಡು ಬೆಟ್ಟ ಹತ್ತಬೇಕು. ಅಡಗಿದ್ದವರಿಗೆ ಹಳ್ಳಿಯ ತಾಯಂದಿರು ಅನ್ನ ಹಾಕಿದರು ಎಂದು ಅಲ್ಲಿ ಮಾತು ಬರುತ್ತದೆ.

ತನ್ನ ಕಣ್ಣೆದುರಿಗೇ ಗಾಡಿಗೆ ಹೇರಿದ ಯಂತ್ರ ಬೆಟ್ಟ ಹತ್ತಿದ್ದು ಹೇಗೆಂದು ಶಾಹಜಾದಿ ಯೋಚಿಸುತ್ತ ನಿಂತಳು. ಇದ್ದರೂ ಇರಬಹುದು, ಇನ್ನೊಂದು ಯಂತ್ರ ಇದ್ದಿರಬಹುದು, ತನಗೆ ಗೊತ್ತಿಲ್ಲದ್ದು ಎಷ್ಟೋ ಇದೆ ಎಂದು ತನಗೆ ತಾನೇ ಹೇಳಿಕೊಂಡಳು. ಬುತ್ತಿ ಹೊತ್ತು ಎರಡು ಸಲ ಬೆಟ್ಟ ಹತ್ತಿ ಇಳಿದಳು ಕೂಡ.

ಆಮೇಲೆ ಪೊಲೀಸರ ದಾಳಿ ತೆಗೆಯುವ ಸರದಿ. ದಾಳಿಗೆ ಹೋಗಿದ್ದ ಪೇದೆಗಳಲ್ಲಿ ಬದುಕಿ ಉಳಿದವನೆಂದರೆ ಚಿಕ್ಕರಂಗಯ್ಯ ಒಬ್ಬನೇ. ಪಿಂಚಣಿ ತೆಗೆದುಕೊಂಡು ಮಿಡಿಗೇಶಿ ಹತ್ತಿರದ ಹೊಲದಲ್ಲಿ ಇರುತ್ತಿದ್ದ ಅವನನ್ನೂ ಕರೆಸಿದ್ದರು. ಬೆಟ್ಟವನ್ನೆಲ್ಲ ಹೇಗೆ ಜಾಲಾಡಿದಿರಿ, ಹೇಗೆ ಬರಿಗೈಲಿ ವಾಪಸು ಹೋದಿರಿ, ಕ್ಯಾಮೆರಾ ನೋಡಿಕೊಂಡು ಹೇಳು ಎಂದು ಪರ್ವತಯ್ಯ ಹೇಳಿಕೊಟ್ಟ. ಮುದುಕ ಕ್ಯಾಮೆರಾದ ಕಡೆಗೆ ತಿರುಗಿದ.

“ನಾವು ಬೆಟ್ಟ ಹತ್ತಿದ್ದೇ ಇಲ್ಲ ಸ್ವಾಮಿ” ಎಂದ. “ಮಾಸ್ತರು ಹಿಂದೂಪುರದ ಬಸ್ ಇಳೀತಾ ಸಿಕ್ಬುಟ್ರು. ಎರಡೇಟಿಗೇ ಹೇಳ್ಬುಟ್ರು. ಶಿರಾ, ಕೋಟೆ ಹಿಂದ್ಲ ಓಣಿ, ಕಲಾಯಿ ಸಾಬನ ಮನೆ, ಪರದೆ ಹಿಂದೆ. ನೆಟ್ಟಗೆ ಅಲ್ಲಿಗೋದ್ವು, ತಗಂಡ್ಬಂದ್ವು. ಹುಡುಕೋದೇನಿತ್ತು?”

ಕ್ಯಾಮೆರಾ ಓಡುತ್ತಿದ್ದ ಸದ್ದು ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ನಿಂತಿತು. ಕುರ್ಚಿಯಲ್ಲಿದ್ದ ನಂದೀಶ್ವರಯ್ಯನವರು ನಕ್ಕು, ಪಾಪ ವಯಸ್ಸಾಯಿತು, ಅವನಿಗೆ ಎಲ್ಲ ಕಲಸಿಹೋಗಿದೆ, ಎಳನೀರು ಕೊಡಿ ಎಂದರು. ಅವರು ಶಾಹಜಾದಿ ನಿಂತಿದ್ದ ಕಡೆ ತಿರುಗಲಿಲ್ಲ. ಅವರು ತಿರುಗದೆ ಇದ್ದದ್ದೇ ಅವಳಿಗೆ ಸಾಕಾಯಿತು.

ಅವಳಿಗೆ ಆಗ ಮೊದಲು ನೆನಪಾದವಳು ಅಮೀನಾಬಿ. ಅಮೀನಾಬಿ ಎದುರು ಮನೆಯವಳು. ಸುತ್ತಿಗೆ ಸದ್ದಿಗೆ ತನ್ನ ಕೂಸು ಮಲಗುವುದಿಲ್ಲವೆಂದು ಆ ಕಾಲದಲ್ಲಿ ದಿನಾ ಜಗಳ ತೆಗೆಯುತ್ತಿದ್ದಳು. ಪೊಲೀಸರಿಗೆ ಸುಳಿವು ಕೊಟ್ಟವಳು ಅವಳೇ ಎಂದು ಶಾಹಜಾದಿ ಅಂದೇ ತೀರ್ಮಾನಿಸಿದ್ದಳು. ಆವತ್ತಿನಿಂದ ಅವಳ ಮುಖ ನೋಡಲಿಲ್ಲ. ಹಬ್ಬಕ್ಕೆ ಕಳಿಸಿದ ಶ್ಯಾವಿಗೆಯನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದಳು. ಹೋದ ವರ್ಷ ಅಮೀನಾಬಿ ಸತ್ತಾಗ ಓಣಿಯ ಹೆಂಗಸರೆಲ್ಲ ಹೋದರೂ ಇವಳು ಹೋಗಲಿಲ್ಲ. ಈಗ ಹೋಗಿ ತಪ್ಪಾಯಿತು ಎನ್ನಲು ಅಲ್ಲಿ ಯಾರಿದ್ದಾರೆ?

ಬಸ್ಸು ಹತ್ತುವ ಮುಂಚೆ ಅವಳು ಪರ್ವತಯ್ಯನನ್ನು ಒಂದೇ ಮಾತು ಕೇಳಿದಳು. ಆ ಮುದುಕ ಹೇಳಿದ್ದು ಸಿನಿಮಾದಲ್ಲಿ ಬರುತ್ತದೋ ಎಂದು. ಅವನು ತಲೆ ತಗ್ಗಿಸಿ, ರೀಲಿನಲ್ಲಿ ಹತ್ತಿದೆ ಅಮ್ಮ, ಹತ್ತಿದ್ದು ಎಲ್ಲೂ ಹೋಗುವುದಿಲ್ಲ ಎಂದ. ಅವಳು ಅದನ್ನು ನಂಬಿಕೊಂಡು ಒಂದು ವರ್ಷ ಕಾದಳು.

ಮಾರನೆಯ ವರ್ಷ ಆಗಸ್ಟ್ ಹದಿನೈದಕ್ಕೆ ಮಧುಗಿರಿಯ ಟೆಂಟಿನಲ್ಲಿ ಚಿತ್ರ ತೋರಿಸಿದರು. ಶಾಹಜಾದಿ ಮಗಳು ಹಮೀದಾಳ ಜೊತೆ ಹೆಂಗಸರ ಕಡೆ ನೆಲದ ಮೇಲೆ ಕೂತಳು. ಮಿಡಿಗೇಶಿ ಬೆಟ್ಟ ತೆರೆಯ ತುಂಬ ಬಂತು, ಚೆನ್ನಾಗಿಯೇ ಬಂತು. ಮೋಡ, ಬಂಡೆ, ಹದ್ದು. ಗವಿಯಲ್ಲಿ ನಾಟಕದ ಹುಡುಗ ಹಿಡಿ ತಿರುಗಿಸಿದ. ಗಂಭೀರವಾದ ಗಂಡು ದನಿಯೊಂದು, ಸರ್ಕಾರದ ಸಾವಿರ ಕಣ್ಣುಗಳಿಗೂ ಈ ಯಂತ್ರ ಕಾಣಲಿಲ್ಲ ಎಂದಿತು. ಜನ ಚಪ್ಪಾಳೆ ತಟ್ಟಿದರು. ಬುತ್ತಿ ಹೊತ್ತ ಹೆಂಗಸರು ಕಣ್ಣು ಮಿಟುಕಿಸುವುದರೊಳಗೆ ಹಾದುಹೋದರು. ಹಸಿರು ಸೀರೆ ಕಪ್ಪು ಬಿಳುಪಿನಲ್ಲಿ ಬೂದಿ ಬಣ್ಣಕ್ಕಿತ್ತು. ಹಮೀದಾ ಪಕ್ಕದವರಿಗೆ, ಅದು ನಮ್ಮಮ್ಮ ಎಂದು ತೋರಿಸುವಷ್ಟರಲ್ಲಿ ಹೋಗಿಯೇ ಬಿಟ್ಟಿತ್ತು. ನಬೀ ಸಾಬನ ಹೆಸರು ಎಲ್ಲೂ ಬರಲಿಲ್ಲ. ಯಂತ್ರ ಸಿಗಲೇ ಇಲ್ಲವೆಂದ ಮೇಲೆ ಅದಕ್ಕಾಗಿ ಸತ್ತವನು ಇರುವುದು ಹೇಗೆ? ಚಿಕ್ಕರಂಗಯ್ಯನೂ ಇರಲಿಲ್ಲ.

ಆಟ ಮುಗಿದ ಮೇಲೆ ಪರ್ವತಯ್ಯ ಸಿಕ್ಕಿದ. ಸಮಿತಿಯವರು ನೋಡಿ ಒಪ್ಪಿದ ಮೇಲೇ ಹೊರಗೆ ಬಿಡಬೇಕಿತ್ತು, ಅವರು ಕೆಲವನ್ನು ಕತ್ತರಿಸಿದರು ಎಂದು ರೀಲಿನ ಡಬ್ಬಿ ಮುಚ್ಚುತ್ತಲೇ ಹೇಳಿದ. ಶಾಹಜಾದಿಗೆ ಆ ಹಳೆಯ ಬಿಳಿ ಜಾಗಗಳು ನೆನಪಾದವು. ದಿವಾನರ ಕಾಲದ ಪತ್ರಿಕೆಯಲ್ಲಿ ಕತ್ತರಿಸಿದ ಜಾಗ ಬಿಳಿಯಾಗಿಯಾದರೂ ಉಳಿಯುತ್ತಿತ್ತು, ಇಲ್ಲಿ ಏನೋ ಇತ್ತು ಎಂದು ಜನಕ್ಕೆ ತಿಳಿಯುತ್ತಿತ್ತು. ಇವರು ಆ ಕಡೆಯದನ್ನೂ ಈ ಕಡೆಯದನ್ನೂ ಸೇರಿಸಿ ಅಂಟಿಸಿಬಿಟ್ಟಿದ್ದರು.

ಮಾರನೆಯ ಬೆಳಿಗ್ಗೆ ಅವಳು ಒಬ್ಬಳೇ ನಂದೀಶ್ವರಯ್ಯನವರ ಮನೆಗೆ ಹೋದಳು. ಹಿಂದಿನ ದಿನದ ಹಾರಗಳು ಜಗುಲಿಯ ಗೂಟದಲ್ಲಿ ನೇತಾಡುತ್ತಿದ್ದವು. ಬಂದಿದ್ದ ಜನವನ್ನು ಅವರು ಕಳಿಸಿಕೊಟ್ಟು, ಅವಳನ್ನು ಕೂರಲು ಹೇಳಿದರು. ಅವಳು ಕಂಬ ಹಿಡಿದು ನಿಂತೇ ಇದ್ದಳು. ತಾವು ಯಾಕೆ ಹೇಳಿಬಿಟ್ಟೆವೆಂದು ಅವರೇ ಶುರುಮಾಡಿದರು, ಅವಳು ಕೇಳಿರಲಿಲ್ಲ. ಆಗ ತಮಗಿನ್ನೂ ಸಣ್ಣ ವಯಸ್ಸು, ಹೊಡೆತವೆಂದರೇನೆಂದು ಗೊತ್ತಿರಲಿಲ್ಲ, ಏಟು ತಿಂದವರಿಗಷ್ಟೇ ಆ ಸಂಕಟ ತಿಳಿಯುತ್ತದೆ ಎಂದರು.

“ಏಟು ತಿಂದೋರು ಇನ್ನೊಬ್ರೂ ಇದ್ರು ಮಾಸ್ತ್ರೇ” ಎಂದಳು ಶಾಹಜಾದಿ. “ಅದನ್ನ ಕೇಳಾಕೆ ನಾನು ಬಂದಿಲ್ಲ. ಪೊಲೀಸ್ನೋರಿಗೆ ನಮ್ಮನೆ ತೋರ್ಸಿದ್ದು ಹೆದರಿಕೆ, ಆಯ್ತು, ನಾನು ಬುಟ್ಟುಬುಡ್ತೀನಿ. ಸಿನಿಮಾದೋರಿಗೆ ನಮ್ಮನೆ ತೋರಿಸ್ದೆ ಇದ್ದದ್ದು ಏನು? ಅಲ್ಲಿ ನಿಮ್ಮನ್ನ ಯಾರು ಹೊಡೀತಿದ್ರು?”

ನಂದೀಶ್ವರಯ್ಯನವರು, “ಜನಕ್ಕೆ ಬೆಟ್ಟ ಬೇಕು ತಾಯಿ. ಅಡುಗೆಮನೆ ಪಕ್ಕದ ಕೋಣೆ ತೋರಿಸಿದರೆ ಯಾರು ನೋಡುತ್ತಾರೆ?” ಎಂದರು. ಹಾಗೆಯೇ ದನಿ ಬದಲಿಸಿ, ಸ್ವಾತಂತ್ರ್ಯಕ್ಕೆ ದುಡಿದವರ ವಿಧವೆಯರಿಗೆ ಸರ್ಕಾರ ಮಾಸಾಶನ ಕೊಡುತ್ತಿದೆ, ತಾವು ಶಿಫಾರಸು ಮಾಡುತ್ತೇವೆ, ಜೈಲಿಗೆ ಹೋಗಿದ್ದಕ್ಕೆ ದಾಖಲೆ ಒಂದಿದ್ದರೆ ಸಾಕು ಎಂದರು. ನಬೀ ಸಾಬ್ ಜೈಲು ಮುಟ್ಟುವ ಮೊದಲೇ ಸತ್ತಿದ್ದ. ವಾಂತಿಭೇದಿಯಿಂದ ಸತ್ತವನಿಗೆ ದಾಖಲೆ ಎಲ್ಲಿಂದ ಬರಬೇಕು? ಅದು ಅವರಿಗೂ ಗೊತ್ತಿತ್ತು. ಅವಳು ಮೆಟ್ಟಿಲಿಳಿದು ಬಂದಳು.

ಆಮೇಲೆ ಅವಳು ಸುಮ್ಮನಿರಲಿಲ್ಲ. ಬೀಡಿ ಎಲೆ ಕೊಡುವಲ್ಲಿ, ನೀರಿನ ಬಾವಿಯ ಹತ್ತಿರ, ಬಸ್‌ಸ್ಟ್ಯಾಂಡಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಕೆಲವರು ಅಯ್ಯೋ ಎಂದರು. ಕೆಲವರು, ಸಿನಿಮಾದಲ್ಲಿ ಹಾಗಿಲ್ಲವಲ್ಲ ಎಂದರು. ಅಷ್ಟರಲ್ಲಿ ಸೆಪ್ಟೆಂಬರ್ ತಿಂಗಳು ಪಾಕಿಸ್ತಾನದ ಮೇಲೆ ಯುದ್ಧ ಹತ್ತಿತು. ಓಣಿಯ ದೊಡ್ಡವರು ತಾವು ಈ ದೇಶದವರೇ ಎಂದು ಕರಪತ್ರ ಹೊಡೆಸಿ ಹಂಚಬೇಕಾಯಿತು. ಕಲಂದರನ ಅಂಗಡಿಗೆ ಯಾರೋ ಬಂದು, ನಿಮ್ಮಕ್ಕ ದೇಶಕ್ಕಾಗಿ ದುಡಿದವರ ಮೇಲೆ ಕೆಸರೆರಚುತ್ತಿದ್ದಾಳಂತೆ, ಅವಳಿಗೆ ಹೇಳಿಕೊಡುವವರು ಯಾರು ಎಂದು ವಿಚಾರಿಸಿ ಹೋದರು. ಅವತ್ತು ಕಲಂದರ್ ಬಂದು ಅಕ್ಕನ ಎದುರು ಕೂತು ಏನೂ ಬೈಯಲಿಲ್ಲ. ಆಪಾ, ನನಗೆ ಮಕ್ಕಳಿದ್ದಾರೆ ಎಂದಷ್ಟೇ ಹೇಳಿದ. ಶಾಹಜಾದಿ ಅಂದಿನಿಂದ ಬಾಯಿ ಮುಚ್ಚಿದಳು.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಚಿಕ್ಕರಂಗಯ್ಯ ಕೋಲೂರಿಕೊಂಡು ಓಣಿಗೆ ಬಂದ. ಯಾರನ್ನೂ ದಾರಿ ಕೇಳಲಿಲ್ಲ. ಹಿಂದೆ ಬಂದಿದ್ದ ದಾರಿಯೇ. ಬಾಗಿಲಾಚೆ ಕಲ್ಲಿನ ಮೇಲೆ ಕೂತು, ಬೂಬಮ್ಮ, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ, ಅಧಿಕಾರಿಗಳ ಮುಂದೆ ಬೇಕಾದರೂ ಹೇಳುತ್ತೇನೆ, ಕರೆದುಕೊಂಡು ಹೋಗು ಎಂದ. ತನ್ನ ಗಂಡನ ಪರವಾಗಿ ಸಾಕ್ಷಿ ಹೇಳಲು ಈ ಭೂಮಿಯ ಮೇಲೆ ಉಳಿದಿರುವವನು ಅವನ ಕೈಗೆ ಹಗ್ಗ ಹಾಕಿದವನೊಬ್ಬನೇ ಎಂದು ಶಾಹಜಾದಿಗೆ ಆಗ ಹೊಳೆಯಿತು. ಹೋಗು ಎನ್ನಲು ಬಾಯಿ ತೆರೆದವಳು ಹಾಗನ್ನಲಿಲ್ಲ. ನಬೀ ಸಾಬನ ಕೊನೆಯ ದಿನ ಕಂಡವರ ಬಾಯಲ್ಲಿ ಅದನ್ನು ಅವಳು ಈವರೆಗೂ ಕೇಳಿರಲಿಲ್ಲ. ಬಾಗಿಲೊಳಗೇ ಕೂತು ಕೇಳಿದಳು. ಎಷ್ಟು ಹೊಡೆದರೂ ಅವರು ಯಾರ ಹೆಸರೂ ಹೇಳಲಿಲ್ಲ, ಅಲ್ಲವಾ ಎಂದು.

ಆ ಒಂದು ನಂಬಿಕೆಯ ಮೇಲೆಯೇ ಅವಳು ಮಗಳನ್ನು ಬೆಳೆಸಿದ್ದಳು.

ಮುದುಕ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ನಾವು ಕೇಳ್ಲೇ ಇಲ್ಲ ಕಣಮ್ಮ” ಎಂದ. “ಕೇಳಾಕೆ ಏನುಳಿದಿತ್ತು? ಮಾಸ್ತರು ಎಲ್ಲಾ ಹೇಳಿದ್ರಲ್ಲ. ಜಮೇದಾರ್ರಿಗೆ ಸಿಟ್ಟಿತ್ತು, ಹೊಡೀರಿ ಅಂದ್ರು. ಸುಮ್ನೆ ಹೊಡುದ್ವು. ಏನು ಹೇಳ್ಬೇಕು ಸ್ವಾಮಿ, ಕೇಳಿ, ಹೇಳ್ತೀನಿ ಅಂತ ಸಾಬ್ರೇ ಕೇಳ್ತಿದ್ರು.”

ಶಾಹಜಾದಿ ಎದ್ದು ಒಳಗೆ ಹೋದಳು. ಒಂದು ಚೊಂಬು ನೀರು ತಂದು ಹೊಸಿಲ ಮೇಲಿಟ್ಟಳು. ಅವನು ಕುಡಿದು ಚೊಂಬು ಕವುಚಿಟ್ಟು, ಇನ್ನೂ ಏನಾದರೂ ಕೇಳುತ್ತಾಳೋ ಎಂದು ಕಾದು, ಹೊತ್ತಾಯಿತೆಂದು ಎದ್ದ. ಅಧಿಕಾರಿಗಳ ಹತ್ತಿರ ಹೋಗೋಣವೇ ಎಂದು ಇನ್ನೊಮ್ಮೆ ಕೇಳಿದ. ಬೇಡ ಎಂದಳು.

ಮುಂದಿನ ವಾರ ಹಮೀದಾ ತವರಿಗೆ ಬಂದಾಗ ಓಣಿಯವರು ಹಳೇ ಪೊಲೀಸಿನವನು ಬಂದಿದ್ದ ಸುದ್ದಿ ಹೇಳಿದ್ದರು. ಅವನು ಏನಂದ ಎಂದು ಮಗಳು ಕೇಳಿದಳು. ಶಾಹಜಾದಿ ಬೀಡಿಗೆ ದಾರ ಸುತ್ತುತ್ತಲೇ, ಎಷ್ಟು ಹೊಡೆದರೂ ನಿಮ್ಮಪ್ಪ ಬಾಯಿ ಬಿಡಲಿಲ್ಲವಂತೆ, ಅಂಥ ಗಂಡಸನ್ನು ತಾನು ಕಂಡೇ ಇಲ್ಲ ಎಂದು ಹೇಳಿ ಅತ್ತ ಎಂದಳು. ಹಮೀದಾ ತುಂಬಾ ಹೊತ್ತು ಅತ್ತಳು. ಅವಳಿಗೆ ಅದರಿಂದ ಸಮಾಧಾನವೂ ಆದಂತೆ ಕಂಡಿತು. ಮಗಳ ಬೆನ್ನು ಸವರುತ್ತ ಶಾಹಜಾದಿ, ಜನಕ್ಕೆ ಏನು ಬೇಕೆಂದು ಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಳಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.